ಸಡಿಲವಾದ ರವಿಕೆ, ಇಳಿಯದ ತೂಕ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಕುಳಿ ಇತ್ತು. ನಲವತ್ತು ವರ್ಷಕ್ಕೂ ಮಿಕ್ಕಿ ಒಂದೇ ಕತ್ತರಿಯ ಹಿಡಿ ಒತ್ತಿ ಒತ್ತಿ ಆದ ಕುಳಿ; ಒಡೆದ ಅಡಿಕೆಯ ಹೋಳೊಂದು ಅದರಲ್ಲಿ ಅಲುಗದೆ ಕೂರುತ್ತಿತ್ತು. ಸುತ್ತಲಿನ ಚರ್ಮ ಉಗುರಿನಷ್ಟು ಗಟ್ಟಿಯಾಗಿ ಹಳದಿಗಟ್ಟಿತ್ತು. ಕತ್ತರಿ ಕೈಯಲ್ಲಿಲ್ಲದ ಹೊತ್ತಿನಲ್ಲಿ ಎಡಗೈಯ ತೋರುಬೆರಳನ್ನು ಆ ಕುಳಿಯಲ್ಲಿ ಇಟ್ಟುಕೊಂಡು, ಎದುರಿನವರ ಮಾತನ್ನು ತಲೆ ತಗ್ಗಿಸಿ ಕೇಳುವುದು ಅವರ ರೂಢಿ. ಬಂದವರ ಮುಖ ನೋಡುವುದಕ್ಕಿಂತ ಅವರು ತಂದ ಬಟ್ಟೆಯನ್ನು ನೋಡುವುದು ಅವರಿಗೆ ಹೆಚ್ಚು ಸಲೀಸಾಗಿತ್ತು.

ಜಯಪುರದ ಬಸ್ ನಿಲ್ದಾಣದ ಎದುರು, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಅವರ ಹೊಲಿಗೆ ಅಂಗಡಿ. ಬೋರ್ಡಿನ ಮೇಲಿದ್ದ ಹೆಸರನ್ನು ಊರಿನಲ್ಲಿ ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವರು ಟೈಲರ್ ಸಾಹೇಬರು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಹಳೆಯ ಕಡತಗಳನ್ನು ಓದಿ ಅವುಗಳ ಕಾಲವನ್ನು ನಿರ್ಣಯಿಸುವ ಕೆಲಸದಲ್ಲಿ ಮೈಸೂರಿನಲ್ಲಿ ಮೂವತ್ತೊಂದು ವರ್ಷ ಕಳೆದು, ನಿವೃತ್ತಿಯ ನಂತರ ಪತ್ನಿಯೊಡನೆ ಜಯಪುರಕ್ಕೆ ಬಂದವನು ನಾನು. ಅವಳ ತವರು ಶೃಂಗೇರಿ ಹತ್ತಿರದ ಮೆಣಸೆ. ನಮ್ಮ ಒಬ್ಬಳೇ ಮಗಳು ನರಸಿಂಹರಾಜಪುರದಲ್ಲಿ ಶಿಕ್ಷಕಿ. ಎರಡು ಕಡೆಗೂ ಬಸ್ಸು ಸಿಗುತ್ತದೆಂದು ಜಯಪುರವನ್ನು ಆರಿಸಿದವಳು ಪತ್ನಿಯೇ. ಇಲ್ಲಿ ಬರೆಯುವ ದಿನಗಳನ್ನು ನನ್ನ ದಿನಚರಿ, ಆಸ್ಪತ್ರೆಯ ಕಾಗದಗಳು ಮತ್ತು ಸಾಹೇಬರ ಅಳತೆ ಚೀಟಿಗಳೊಡನೆ ತಾಳೆ ನೋಡಿದ್ದೇನೆ. ಎರಡು ಕಡೆ ದಿನಚರಿ ತಪ್ಪಿತ್ತು, ಚೀಟಿ ಸರಿಯಾಗಿತ್ತು.

ಅವರ ಕೆಲಸದ ಕ್ರಮವನ್ನು ಮೊದಲು ಹೇಳಬೇಕು. ಅದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ.

ಸಾಹೇಬರು ಹೆಂಗಸರ ಮೈ ಮೇಲೆ ಟೇಪು ಇಟ್ಟವರಲ್ಲ. ಅವರ ತಂದೆಯೂ ಇಟ್ಟಿರಲಿಲ್ಲವಂತೆ. ಹೊಸ ರವಿಕೆ ಬೇಕಾದವರು ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು, ಹೊಲಿಯಬೇಕಾದ ಹೊಸ ಬಟ್ಟೆಯ ಕಣದ ಜೊತೆ ಕಳಿಸಬೇಕು. ಅದಕ್ಕೆ ಅಳತೆ ರವಿಕೆ ಎಂದು ಹೆಸರು. ಅವರು ಅದನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರಿ, ಕಾಲು ಇಂಚಿನ ಲೆಕ್ಕದಲ್ಲಿ ಅಳೆದು, ಚೀಟಿಯ ಮೇಲೆ ತಾರೀಖು ಹಾಕಿ ಬರೆದು, ಬಟ್ಟೆಗೆ ಗುಂಡುಸೂಜಿಯಿಂದ ಚುಚ್ಚಿಡುತ್ತಿದ್ದರು. ಆದರೆ ಅಳತೆ ಅವರಿಗೆ ಅರ್ಧ ಸಾಕ್ಷಿ ಮಾತ್ರ. ತೊಟ್ಟು ಹಳತಾದ ಬಟ್ಟೆ ಹೇಳುವುದನ್ನು ಅವರು ಬೇರೆಯಾಗಿ ಓದುತ್ತಿದ್ದರು: ಯಾವ ಹುಕ್ಕಿನ ದಾರ ಎಳೆದಿದೆ, ಬೆವರಿನ ಗೆರೆ ಎಲ್ಲಿ ನಿಂತಿದೆ, ಕಂಕುಳ ಹತ್ತಿರ ಬಟ್ಟೆ ಯಾವ ಕಡೆಗೆ ಮಡಿಕೆ ಬಿದ್ದಿದೆ. ಬಾಣಂತನವಾದದ್ದು, ಬಲಭುಜ ನೋಯುತ್ತಿರುವುದು, ಮನೆಯಲ್ಲಿ ಬಾವಿಯಿಂದ ನೀರು ಸೇದುವವಳು ಅತ್ತೆಯೋ ಸೊಸೆಯೋ ಎಂಬುದು, ಎಲ್ಲವೂ ಆ ಮೇಜಿನ ಮೇಲೆ ಅವರಿಗೆ ತಿಳಿಯುತ್ತಿತ್ತು. ತಿಳಿದದ್ದು ಅಲ್ಲಿಂದ ಕೆಳಗಿಳಿಯುತ್ತಿರಲಿಲ್ಲ. “ಅಳತೆ ಅಂದ್ರೆ ಅಮಾನತ್ತು ಸಾರ್,” ಎನ್ನುತ್ತಿದ್ದರು. “ನಂಬಿ ಕೊಟ್ಟಿದ್ದು. ಅವ್ರ ಗಂಡ ಕೇಳಿದ್ರೂ ಹೇಳ್ಬಾರ್ದು.”

ಹಾಗೆಂದು ಅವರು ಮಾತೇ ಆಡದವರಲ್ಲ. ಗಂಡಸರನ್ನು ಹಾಸ್ಯ ಮಾಡುವುದಕ್ಕೆ ಅವರಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಮದುವೆಯಾಗಿ ಮೂರು ತಿಂಗಳಿಗೆ ಪ್ಯಾಂಟು ಬಿಗಿಯಾಯಿತೆಂದು ಬಂದ ಅಡಿಕೆ ವ್ಯಾಪಾರಿಯೊಬ್ಬನಿಗೆ ನನ್ನೆದುರೇ ಹೇಳಿದ್ದರು: “ನಿಮ್ಮ ಮಾವನ ಮನೇಲಿ ಅಡುಗೆ ಚೆನ್ನಾಗಿರ್ತದೆ ಅಂತ ಗೊತ್ತಿದ್ದೇ ನಾನು ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದು ಮಾರಾಯ್ರೇ. ಈಗ ಬಿಚ್ಚಿಕೊಡ್ತೇನೆ. ಇನ್ನೂ ಉಂಡ್ರೆ ಮಾತ್ರ ಪಂಚೆ ಉಟ್ಕೊಳ್ಳಿ.”

ನಾನು ಅವರನ್ನು ಗೌರವಿಸಲು ಇನ್ನೊಂದು ಕಾರಣವಿತ್ತು. ಸೀತೂರಿನ ಕಡೆಯ ಮನೆಯೊಂದರಲ್ಲಿ ಸಿಕ್ಕಿದ ಒಂದು ಹಳೆಯ ಪಟದ ಕಾಲದ ಬಗ್ಗೆ ನನಗೂ ಆ ಮನೆಯವರಿಗೂ ಭಿನ್ನಾಭಿಪ್ರಾಯ ಬಂದಿತ್ತು. ಅದು ತಮ್ಮ ಮುತ್ತಜ್ಜನ ಮದುವೆಯ ಪಟವೆಂದು ಅವರ ವಾದ. ಪಟವನ್ನು ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಮುಖಗಳನ್ನು ನೋಡಲೇ ಇಲ್ಲ. “ಈ ತೋಳಿನ ಕಟ್ಟು ನಮ್ಮಪ್ಪ ಕಲಿತ ಮೇಲಿಂದು ಸಾರ್. ಅದಕ್ಕೂ ಮೊದ್ಲು ಇಲ್ಲಿ ಯಾರಿಗೂ ಹೀಗೆ ಸುಕ್ಕು ಹಿಡಿಯೋಕೆ ಬರ್ತಿರ್ಲಿಲ್ಲ,” ಎಂದರು. ಪಟ ಮುಂದಿನ ತಲೆಮಾರಿನದೆಂದು ಕೆಲವು ತಿಂಗಳ ನಂತರ ಒಂದು ಆಸ್ತಿ ವಿಭಾಗದ ಕಾಗದದಿಂದ ಖಚಿತವಾಯಿತು. ನನ್ನ ಲೇಖನದ ಅಡಿಟಿಪ್ಪಣಿಯಲ್ಲಿ ಜಯಪುರದ ದರ್ಜಿಯೊಬ್ಬರಿಗೆ ಕೃತಜ್ಞತೆ ಹೇಳಿದ್ದೇನೆ. ಸತ್ತವರ ಬಟ್ಟೆಯ ವಿಷಯದಲ್ಲಿ ಅವರ ಮಾತನ್ನು ಪ್ರಮಾಣವೆಂದು ಒಪ್ಪಿದವನು ನಾನು.

ನನ್ನ ಪತ್ನಿಗೆ ಮಂಡಿನೋವಿತ್ತು. ಆರೇಳು ಕಿಲೋ ಇಳಿಸಿದರೆ ನೋವು ಕಡಿಮೆಯಾದೀತೆಂದು ಕೊಪ್ಪದ ವೈದ್ಯರು ಹೇಳಿದ್ದರು. ಮಗಳು ತೂಕದ ಯಂತ್ರವೊಂದನ್ನು ತಂದುಕೊಟ್ಟಳು. ಪತ್ನಿ ದಿನವೂ ಬೆಳಿಗ್ಗೆ ಕೊಪ್ಪದ ರಸ್ತೆಯಲ್ಲಿ ಮೈಲಿಗಲ್ಲಿನವರೆಗೆ ನಡೆದು ಬರತೊಡಗಿದಳು. ಭಾನುವಾರ ಕಾಫಿಗೆ ಮೊದಲು ಯಂತ್ರದ ಮೇಲೆ ನಿಲ್ಲುವುದು, ನಾನು ಅಂಕಿಯನ್ನು ದಿನಚರಿಯಲ್ಲಿ ಬರೆಯುವುದು. ಅರವತ್ತೆಂಟು. ಮುಂದಿನ ಭಾನುವಾರವೂ ಅರವತ್ತೆಂಟು. ಅಲ್ಲಿಂದ ಮುಂದೆ ಆ ಪುಟಗಳಲ್ಲಿ ಬೇರೆ ಅಂಕಿ ಇಲ್ಲ.

ಆ ವರ್ಷದ ಗೌರಿ ಹಬ್ಬಕ್ಕೆ ನಾಲ್ಕು ರವಿಕೆ ಹೊಲಿಸಿದಳು. ನಾಲ್ಕೂ ಸಡಿಲ. ತೋಳಿನೊಳಗೆ ಎರಡು ಬೆರಳು ಆಡುತ್ತಿದ್ದವು. ತೂಕ ಇಳಿದಿಲ್ಲವಾದ್ದರಿಂದ ತಪ್ಪು ದರ್ಜಿಯದೇ ಎಂಬುದರಲ್ಲಿ ನಮಗೆ ಸಂಶಯ ಬರಲಿಲ್ಲ. ಬಾಗಿನ ಕೊಡಲು ಬಂದ ಬೀದಿಯ ಹೆಂಗಸರಿಗೆ ಅವಳು ತೋಳು ಎತ್ತಿ ತೋರಿಸಿದಳು. “ನೋಡಿ, ಚೀಲ ಹೊಲ್ದು ಕಳ್ಸಿದ್ದಾರೆ. ಸಾಹೇಬ್ರ ಕಣ್ಣು ಹೋಯ್ತು ಮಾರಾಯ್ತಿ.” ಎಲ್ಲರೂ ನಕ್ಕರು. ನಾನೂ ಜಗುಲಿಯಲ್ಲಿ ಕೂತು ನಕ್ಕೆ. ರವಿಕೆಗಳು ಹಿಂದಕ್ಕೆ ಹೋದವು. ಸಾಹೇಬರು ಎರಡು ಮಾತನಾಡದೆ ಹೊಲಿಗೆ ಬಿಚ್ಚಿ, ಒಳಗೆ ಹಿಡಿದು ಬಿಗಿ ಮಾಡಿ ಕೊಟ್ಟರು. ಹದಿನೈದು ದಿನಕ್ಕೆ ಅವೂ ಸಡಿಲವಾದವು. ಆ ಹೊತ್ತಿಗೆ ನಮ್ಮ ಬೀದಿಯ ಆರು ಮನೆಗಳ ಬಟ್ಟೆ ಮುಖ್ಯರಸ್ತೆಯ ಹೊಸ ಅಂಗಡಿಗೆ ಹೋಗತೊಡಗಿತ್ತು.

ನವರಾತ್ರಿಯ ವೇಳೆಗೆ ಪೆಟ್ಟಿಗೆಯಲ್ಲಿದ್ದ ಹಳೆಯ ರವಿಕೆಗಳೂ ಅವಳಿಗೆ ದೊಡ್ಡದಾಗಿದ್ದವು. ಸಣ್ಣಗಾಗಿರುವವಳು ಅವಳೇ ಎಂಬುದು ಆಗ ನಮಗೆ ತಿಳಿಯಿತು. ಹಾಗಿದ್ದರೆ ತೂಕ ಇಳಿಯದಿರುವುದೇಕೆ? ನಾನು ಫೋನಿನಲ್ಲಿ ಓದಿ ಉತ್ತರ ಹುಡುಕಿದೆ. ವ್ಯಾಯಾಮ ಮಾಡುವವರಲ್ಲಿ ಕೊಬ್ಬು ಕರಗಿ ಸ್ನಾಯು ಬಲಿಯುತ್ತದೆ, ಮೈ ಸಪೂರವಾದರೂ ಯಂತ್ರದ ಅಂಕಿ ಬದಲಾಗದೆ ಇರಬಹುದು, ಅದು ಆರೋಗ್ಯದ ಲಕ್ಷಣ ಎಂದು ಹಲವು ಕಡೆ ಬರೆದಿದ್ದರು. ಹಲವು ಕಡೆ ಎಂಬುದೇ ನನಗೆ ಸಾಕಾಯಿತು. ಅವರೆಲ್ಲರೂ ಹೇಳಿದ್ದು ವ್ಯಾಯಾಮ ಮಾಡುವ ಆರೋಗ್ಯವಂತರ ಮಾತು, ಅರವತ್ತಮೂರು ವರ್ಷದ, ಊಟ ಸೇರುತ್ತಿಲ್ಲವೆಂದು ಅರ್ಧ ತಟ್ಟೆ ಬಿಡುತ್ತಿದ್ದ ಹೆಂಗಸಿನದಲ್ಲ ಎಂದು ನಾನು ಯೋಚಿಸಲಿಲ್ಲ. ಊಟ ಬಿಡುವುದನ್ನು ಅವಳ ಪಥ್ಯವೆಂದು ತಿಳಿದಿದ್ದೆ.

ಅವಳಿಗೆ ಸಂತೋಷವಾಯಿತು. ನವರಾತ್ರಿಗೆ ಶೃಂಗೇರಿಗೆ ಹೋದಾಗ ತವರಿನವರು ಸುತ್ತುವರಿದು ಹೊಗಳಿದರು. “ಎಷ್ಟು ಸಪೂರ ಆಗಿದೀಯೇ! ಎಂತ ಮಾಡಿದೆ?” ಎಂದು ಅವಳ ತಂಗಿ ಕೇಳಿದ್ದಕ್ಕೆ, “ಮೆಷಿನ್ನಿಗೆ ಮಾತ್ರ ಇನ್ನೂ ಗೊತ್ತಾಗ್ಲಿಲ್ಲ,” ಎಂದು ನಕ್ಕಳು. ಮಗಳು ಫೋಟೊ ತೆಗೆದಳು. ಸಾಹೇಬರ ಅಂಗಡಿಗೂ ಹೋಗಿ ನಾನು ನನ್ನ ವಿವರಣೆಯನ್ನು ಕೊಟ್ಟು ಬಂದೆ: ತಪ್ಪು ನಿಮ್ಮದಲ್ಲ, ಇವಳ ಮೈ ಗಟ್ಟಿಯಾಗಿದೆ, ತೂಕ ಅರವತ್ತೆಂಟೇ ಇದೆ ಎಂದು. ಅವರು ಕುಳಿಯಲ್ಲಿ ಬೆರಳಿಟ್ಟುಕೊಂಡು ಕೇಳಿದರು. ಬೀದಿಯ ಹೆಂಗಸರಿಗೆ ಈ ತಿದ್ದುಪಡಿಯನ್ನು ನಾವಿಬ್ಬರೂ ತಿಳಿಸಲಿಲ್ಲ. ತಿಳಿಸಬೇಕೆಂದು ಹೊಳೆಯಲೂ ಇಲ್ಲ.

ದೀಪಾವಳಿ ಕಳೆದ ಎರಡನೆಯ ಮಂಗಳವಾರ ಮಧ್ಯಾಹ್ನ ಅವರು ನಮ್ಮ ಮನೆಯ ಗೇಟಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ. ಪತ್ನಿ ಒಂದು ರವಿಕೆಯನ್ನು ಹಿಡಿಸಲೆಂದೂ ಒಂದು ಒಳಲಂಗವನ್ನು ಅಂಚು ಹರಿದಿದೆಯೆಂದೂ ವಾರದ ಹಿಂದೆ ಕೊಟ್ಟಿದ್ದಳು.

“ಬನ್ನಿ ಸಾಹೇಬರೇ, ಕೂತ್ಕೊಳ್ಳಿ.”

“ಕೂರೋದಿಲ್ಲ ಸಾರ್. ಅಮ್ಮ ಮನೇಲಿಲ್ಲ ಅಲ್ವಾ?”

“ಭಜನೆಗೆ ಹೋಗಿದ್ದಾಳೆ.”

“ಗೊತ್ತು. ಅವ್ರು ಹೋಗಿದ್ದು ನೋಡ್ಕೊಂಡೇ ಬಂದೆ.”

ಜಗುಲಿಯ ಅಂಚಿನಲ್ಲಿ ಪೊಟ್ಟಣ ಬಿಚ್ಚಿದರು. ನನ್ನ ಮುಖ ನೋಡದೆ ಮಾತನಾಡಿದರು.

“ಇದು ನಾನು ಹೇಳೋ ಮಾತಲ್ಲ ಸಾರ್. ನಮ್ಮ ಕಸುಬಿನಲ್ಲಿ ಇದನ್ನ ಹೇಳ್ಬಾರ್ದು. ಅಮ್ಮ ಸಣ್ಣ ಆಗ್ತಿರೋ ರೀತಿ ಸರಿ ಇಲ್ಲ.”

ನಾನು ನಕ್ಕೆ. “ಆರು ತಿಂಗಳಿಂದ ನಡೀತಿದ್ದಾಳೆ ಮಾರಾಯ್ರೇ. ಸಣ್ಣ ಆಗ್ಲಿ ಅಂತಲೇ ನಡೆಯೋದು.”

“ನಡೆದು ಸಣ್ಣ ಆದವ್ರ ಬಟ್ಟೆ ನಾನು ಎಷ್ಟೋ ಹಿಡಿದು ಕೊಟ್ಟಿದ್ದೇನೆ. ಅವ್ರದ್ದು ಸೊಂಟ ಮೊದ್ಲು ಇಳೀತದೆ. ಇವ್ರದ್ದು ತೋಳು ಇಳಿದಿದೆ, ಭುಜ ಇಳಿದಿದೆ. ಇಲ್ನೋಡಿ, ಹಿಡಿದು ಕೊಟ್ಟ ಮೇಲೂ ಒಳಗಿಂದ ಪಿನ್ನು ಹಾಕಿದ್ದಾರೆ. ತೂತು ಕಾಣ್ತದಲ್ಲ?” ಎಂದು ತೋಳಿನ ಅಂಚನ್ನು ಮಗುಚಿ ತೋರಿಸಿದರು. ಆಮೇಲೆ ಬಹಳ ಹಿಂಜರಿಯುತ್ತ ಲಂಗದ ಲಾಡಿಯ ತುದಿಯನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಇದು ಗೌರಿ ಹಬ್ಬಕ್ಕೆ ನಾನೇ ಹಾಕಿದ ಲಾಡಿ. ದಿನಾ ಗಂಟು ಹಾಕಿದ ಗುರುತು ಮೊದ್ಲು ಇಲ್ಲಿತ್ತು. ಈಗ ತುದಿ ಹತ್ರ ಬಂದಿದೆ. ನಾಲ್ಕು ಬೆರಳು. ಮೇಲಿಂದ ಹೋಗಿದ್ದು ಹೊಟ್ಟೆ ಹತ್ರ ತುಂಬ್ತಾ ಇದೆ ಸಾರ್. ಅದಕ್ಕೇ ನಿಮ್ಮ ಮೆಷಿನ್ನು ಅಲ್ಲೇ ನಿಂತಿರೋದು.”

ಎರಡು ಸ್ವತಂತ್ರ ಸಾಕ್ಷ್ಯಗಳನ್ನು ಅವರು ನನ್ನೆದುರು ಇಟ್ಟಿದ್ದರು. ಒಂದು ಇನ್ನೊಂದನ್ನು ವಿವರಿಸುತ್ತಿತ್ತು; ಎರಡೂ ಸೇರಿ ಯಂತ್ರದ ಅಂಕಿಯನ್ನೂ ವಿವರಿಸುತ್ತಿದ್ದವು. ಇಂಥ ಪುರಾವೆ ಕಡತವೊಂದರಲ್ಲಿ ಸಿಕ್ಕಿದ್ದರೆ ನಾನು ಕೂಡಲೇ ಎದ್ದು ನಿಲ್ಲುತ್ತಿದ್ದೆ. ಆದರೆ ಆ ಕ್ಷಣ ನನಗೆ ಕಂಡದ್ದು ನನ್ನ ಹೆಂಡತಿಯ ಒಳಲಂಗದ ಲಾಡಿ ಪರಪುರುಷನೊಬ್ಬನ ಬೆರಳಲ್ಲಿರುವುದು ಮಾತ್ರ.

“ಬಟ್ಟೆ ನೋಡಿ ಕಾಯಿಲೆ ಹೇಳೋಕಾಗ್ತದಾ ಸಾಹೇಬರೇ? ನೀವು ಹೊಲಿಗೆ ನೋಡ್ಕೊಳ್ಳಿ. ಡಾಕ್ಟರ್ ಕೆಲ್ಸ ಡಾಕ್ಟರ್ ಮಾಡ್ಲಿ.”

“ನಾನೂ ಅದನ್ನೇ ಹೇಳೋದು ಸಾರ್. ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.”

ಅವರು ಬಟ್ಟೆಯನ್ನು ಮತ್ತೆ ಸುತ್ತಿಟ್ಟು ಹೋದರು. ಆ ದಿನದ ದಿನಚರಿಯಲ್ಲಿ ನಾನು ಬರೆದಿರುವುದು ಇಷ್ಟು: “ಟೈಲರ್ ಬಂದಿದ್ದರು. ಬಟ್ಟೆ ಕೊಟ್ಟು ಹೋದರು.” ಪತ್ನಿಗೆ ಏನೂ ಹೇಳಲಿಲ್ಲ. ಅವಳು ಸುಮ್ಮನೆ ಹೆದರುತ್ತಾಳೆ ಎಂಬುದು ನಾನು ಅಂದು ನನಗೆ ಕೊಟ್ಟುಕೊಂಡ ಕಾರಣ. ನನ್ನ ವಿವರಣೆಯೊಂದು ಹೊಲಿಗೆಯವನ ಮಾತಿನಿಂದ ಬಿದ್ದುಹೋಗುವುದು ನನಗೆ ಬೇಕಿರಲಿಲ್ಲ ಎಂಬುದು ನಿಜವಾದ ಕಾರಣ.

ಸಂಕ್ರಾಂತಿಗೆ ಎರಡು ದಿನ ಮೊದಲು, ಶನಿವಾರ, ಅವಳಿಗೆ ಮಲಗಿದರೆ ಉಸಿರು ಕಟ್ಟತೊಡಗಿತು. ಕೊಪ್ಪದಲ್ಲಿ ಸ್ಕ್ಯಾನ್ ಮಾಡಿದರು. ಹೊಟ್ಟೆಯ ತುಂಬ ನೀರು. ಅಲ್ಲಿಂದ ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಅಂಡಾಶಯದ ಕ್ಯಾನ್ಸರು ಹೊಟ್ಟೆಯೊಳಗೆಲ್ಲ ಹರಡಿದೆ ಎಂದರು. ನೀರು ತೆಗೆದ ಮರುದಿನ ಅಲ್ಲಿನ ಯಂತ್ರದ ಮೇಲೆ ನಿಲ್ಲಿಸಿದಾಗ ಅಂಕಿ ಅರವತ್ತೊಂದಕ್ಕೆ ನಿಂತಿತು. ತಿಂಗಳುಗಟ್ಟಲೆ ಅವಳು ಕಾದಿದ್ದ ಇಳಿತ ಅದು. ಅವಳು ಅಂಕಿಯನ್ನು ನೋಡಿದಳು, ನನ್ನನ್ನು ನೋಡಿದಳು, ಗೋಡೆ ಹಿಡಿದುಕೊಂಡು ಇಳಿದಳು.

“ಬಟ್ಟೆ ಸಡಿಲ ಆಗಿದ್ದು ಮನೆಯಲ್ಲಿ ಯಾರೂ ಗಮನಿಸಲಿಲ್ಲವಾ?” ಎಂದು ವೈದ್ಯೆ ಕೇಳಿದರು.

“ನಡಿಗೆಯಿಂದ ಎಂದುಕೊಂಡೆವು,” ಎಂದೆ. ಪಕ್ಕದಲ್ಲಿ ಮಗಳಿದ್ದಳು.

ಚಿಕಿತ್ಸೆ ನಡೆಯಿತು, ಮೈ ತಡೆಯಲಿಲ್ಲ. ಎರಡನೆಯ ಸಲ ಆಸ್ಪತ್ರೆಗೆ ಹೊರಟಾಗ ಸಾಹೇಬರು ಭುಜದ ಮೇಲೆ ಕಟ್ಟಿಕೊಳ್ಳುವ, ಕೈಗೆ ಸೂಜಿ ಹಾಕಿದ್ದರೂ ಬಿಚ್ಚಲು ಬರುವ ಮೂರು ನೈಟಿಗಳನ್ನು ಹೊಲಿದು ಬಸ್ಸಿನ ಹತ್ತಿರ ತಂದುಕೊಟ್ಟರು. ಅಂಥದೊಂದು ಬೇಕೆಂದು ನಮಗೆ ಹೊಳೆದಿರಲಿಲ್ಲ. ಪತ್ನಿ ಕಿಟಕಿಯಿಂದ ಕೈ ಚಾಚಿ ತೆಗೆದುಕೊಂಡಳು. “ಸಾಹೇಬ್ರೇ, ಈ ಸಲ ಅಳತೆ ಕಳ್ಸಲೇ ಇಲ್ವಲ್ಲ,” ಎಂದಳು. “ಇದಕ್ಕೆ ಅಳತೆ ಎಂತಕ್ಕೆ ಅಮ್ಮ, ಗೋಣಿಚೀಲ ಹೊಲಿದ ಹಾಗೆ ಹೊಲಿದಿದ್ದೇನೆ,” ಎಂದರು. ಅವಳು ಗೌರಿ ಹಬ್ಬದ ತನ್ನ ಮಾತನ್ನು ನೆನೆದಿರಬೇಕು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ನನಗೆ ಕಾಣಲಿಲ್ಲ.

ಯುಗಾದಿಗೆ ಹದಿನೆಂಟು ದಿನವಿರುವಾಗ, ಶುಕ್ರವಾರ ಬೆಳಗಿನ ಜಾವ ಅವಳು ಮನೆಯಲ್ಲೇ ಹೋದಳು. ಮುತ್ತೈದೆಯಾಗಿ ಹೋದವಳಿಗೆ ಹೊಸ ಸೀರೆ, ಹೊಸ ರವಿಕೆ ಹಾಕಬೇಕು. ಮನೆಯಲ್ಲಿದ್ದ ಯಾವ ರವಿಕೆಯೂ ಆಗಲಿಲ್ಲ. ತೋಳು ಮಗುವಿನದರಂತಾಗಿತ್ತು, ಹೊಟ್ಟೆ ಪಕ್ಕೆಲುಬಿನವರೆಗೂ ಊದಿತ್ತು. ಹೆಂಗಸರು ಎರಡು ಸಲ ಪ್ರಯತ್ನಿಸಿ ಕೈಬಿಟ್ಟರು. ಸುದ್ದಿ ತಿಳಿದು ಬಂದಿದ್ದ ಸಾಹೇಬರು ಅಂಗಳದಲ್ಲಿ ನಿಂತಿದ್ದರು. ರಂಜಾನ್ ತಿಂಗಳು, ಅವರಿಗೆ ಉಪವಾಸ. ಹಬ್ಬದ ಬಟ್ಟೆ ಅಂಗಡಿಯಲ್ಲಿ ರಾಶಿ ಬಿದ್ದಿತ್ತು. ಒಳಗಿನಿಂದ ಬಂದ ಮಗಳ ಕೈಯಲ್ಲಿದ್ದ ಕಣವನ್ನು ತಾವೇ ಕೇಳಿ ಇಸಿದುಕೊಂಡರು.

“ಬೆನ್ನು ಪೂರ್ತಿ ತೆರೆದು ಬಿಡ್ತೇನೆ ಮಗಳೇ. ಹಿಂದೆ ಕಟ್ಟೋಕೆ ದಾರ ಇಡ್ತೇನೆ. ಅಮ್ಮನ್ನ ಎತ್ತಿ ಕೂರಿಸೋದು ಬೇಡ.”

ಒಂದೂವರೆ ಗಂಟೆಯಲ್ಲಿ ರವಿಕೆ ಬಂತು. ಆರು ತಿಂಗಳ ನಂತರ ಮೊದಲ ಬಾರಿಗೆ ಅವಳ ತೋಳಿಗೆ ರವಿಕೆ ಸರಿಯಾಗಿ ಕೂತಿತು. “ಅಳತೆ ಯಾರು ಕೊಟ್ರು?” ಎಂದು ಒಬ್ಬರು ಕೇಳಿದರು. ಯಾರೂ ಕೊಟ್ಟಿರಲಿಲ್ಲ.

ಹದಿಮೂರನೆಯ ದಿನದ ಊಟದ ನಂತರ ನೆಂಟರು, ಬೀದಿಯ ಮನೆಗಳವರು ಚಪ್ಪರದಡಿ ಕೂತಿದ್ದರು. ಇನ್ನೂ ಉಪವಾಸದಲ್ಲಿದ್ದ ಸಾಹೇಬರು ಬಂದು ನೀರೂ ಮುಟ್ಟದೆ ತುದಿಯ ಕುರ್ಚಿಯಲ್ಲಿ ಕೂತರು. ಅವಳ ಬಗ್ಗೆ ನಾಲ್ಕು ಮಾತನಾಡಬೇಕೆಂದು ಭಾವಮೈದುನ ನನ್ನನ್ನು ಒತ್ತಾಯಿಸಿದ. ನಾನು ಎದ್ದು ನಿಂತು, ಕಾಯಿಲೆ ಯಾವ ಸೂಚನೆಯನ್ನೂ ಕೊಡಲಿಲ್ಲ, ಯಾರಿಗೂ ತಿಳಿಯಲಿಲ್ಲ ಎಂದೆ. ‘ಯಾರಿಗೂ’ ಎಂಬ ಪದವನ್ನೇ ಬಳಸಿದೆ; ನೆನಪಿದೆ.

ಮಗಳು ಸುಮ್ಮನಿರಲಿಲ್ಲ. ಎಲ್ಲರೆದುರೇ ಸಾಹೇಬರ ಹತ್ತಿರ ಹೋಗಿ ಕೇಳಿದಳು:

“ಸಾಹೇಬ್ರೇ, ಅಮ್ಮನ ಬಟ್ಟೆ ಎಲ್ಲ ನಿಮ್ಮ ಕೈಯಿಂದಲೇ ಆಗಿದ್ದು. ನಿಮಗೂ ಎಂತದೂ ಗೊತ್ತಾಗ್ಲಿಲ್ವಾ?”

ನಾನು ಅವಳ ಪಕ್ಕದಲ್ಲಿದ್ದೆ. ಅವರು ನನ್ನತ್ತ ನೋಡಲಿಲ್ಲ. ನೆಲ ನೋಡಿಕೊಂಡು ಹೇಳಿದರು:

“ಇಲ್ಲ ಮಗಳೇ. ನನ್ನ ಕಣ್ಣು ಆವಾಗ ಸರಿ ಇರ್ಲಿಲ್ಲ.”

ಬೀದಿಯ ಹೆಂಗಸರು ಪರಸ್ಪರ ಮುಖ ನೋಡಿಕೊಂಡರು. ತಾವು ಅಂದುಕೊಂಡದ್ದಕ್ಕೆ ಅವರ ಬಾಯಿಂದಲೇ ಒಪ್ಪಿಗೆ ಸಿಕ್ಕಿತ್ತು. ನಾನು ಬಾಯಿ ತೆರೆಯಲಿಲ್ಲ.

ಆ ಬೇಸಗೆಯ ಕೊನೆಯಲ್ಲಿ ಅವರ ಅಂಗಡಿಗೆ ಹೋದೆ. ಮೊದಲು ಹೆಂಗಸರ ಕಣಗಳು ಮಡಿಸಿಟ್ಟಿರುತ್ತಿದ್ದ ಕಪಾಟಿನಲ್ಲಿ ಶಾಲಾ ಮಕ್ಕಳ ಚಡ್ಡಿಗಳಿದ್ದವು. ಜಿಪ್ಪು ಹೋದ ಪ್ಯಾಂಟುಗಳಿದ್ದವು. ಕಣ್ಣು ಸರಿಯಿರಲಿಲ್ಲವೆಂದು ಸುಳ್ಳು ಹೇಳಿದ್ದೇಕೆ ಎಂದು ಕೇಳಿದೆ. ಅವರು ಡ್ರಾಯರಿನಿಂದ ಕೊಪ್ಪದ ಕಣ್ಣಿನ ವೈದ್ಯರ ಚೀಟಿ ತೆಗೆದು ನನ್ನ ಮುಂದಿಟ್ಟರು. ನವರಾತ್ರಿ ಮುಗಿದ ವಾರದ ತಾರೀಖು. ಎರಡೂ ಕಣ್ಣು ಸರಿಯಿವೆ, ಹಳೆಯ ಕನ್ನಡಕವೇ ಸಾಕು ಎಂದು ಬರೆದಿತ್ತು.

“ಗೌರಿ ಹಬ್ಬದಲ್ಲೇ ನಂಗೆ ಅನುಮಾನ ಬಂದಿತ್ತು ಸಾರ್. ಆದ್ರೆ ಊರೆಲ್ಲ ಸಾಹೇಬ್ರ ಕಣ್ಣು ಹೋಯ್ತು ಅಂತು. ನಾನೂ ಹೌದೇನೋ ಅಂದ್ಕೊಂಡೆ. ಅಮ್ಮ ಸುಳ್ಳು ಹೇಳೋರಲ್ಲ. ಕಣ್ಣು ತೋರಿಸ್ಕೊಂಡು, ಮತ್ತೆ ನಾಲ್ಕು ಬಟ್ಟೆ ನೋಡಿ, ಗಟ್ಟಿ ಮಾಡ್ಕೊಂಡು ಬಂದೆ. ಅಷ್ಟು ದಿನ ನಂದೂ ಹೋಯ್ತು.”

ಅಂದರೆ ಗೌರಿ ಹಬ್ಬದಿಂದ ಆ ಮಂಗಳವಾರದವರೆಗಿನ ವಿಳಂಬಕ್ಕೆ ನಮ್ಮ ಜಗುಲಿಯ ನಗು ಕಾರಣ. ಆ ಮಂಗಳವಾರದಿಂದ ಸ್ಕ್ಯಾನಿನ ಶನಿವಾರದವರೆಗಿನ ಐವತ್ತಮೂರು ದಿನಕ್ಕೆ ನಾನೊಬ್ಬನೇ ಕಾರಣ. ಲೆಕ್ಕ ಅವರೆದುರಿಗೇ ಮಾಡಿದೆ. ಮೊದಲೇ ಹೋಗಿದ್ದರೆ ಅವಳು ಉಳಿಯುತ್ತಿದ್ದಳೇ ಎಂಬುದಕ್ಕೆ ನನ್ನಲ್ಲಿ ಆಧಾರವಿಲ್ಲ. ಉಳಿಯುತ್ತಿರಲಿಲ್ಲ ಎಂಬುದಕ್ಕೂ ಇಲ್ಲ.

“ಮಗಳಿಗೆ ಹೇಳ್ತೇನೆ,” ಎಂದೆ. “ಬೀದಿಯವ್ರಿಗೂ ಹೇಳ್ತೇನೆ.”

“ಬೇಡ ಸಾರ್.” ಅವರ ದನಿ ಮೊದಲ ಬಾರಿಗೆ ಗಡುಸಾಗಿತ್ತು. “ಆ ಹುಡುಗಿಗೆ ಈಗ ಅಮ್ಮ ಇಲ್ಲ. ಅಪ್ಪನೂ ಇಲ್ಲದ ಹಾಗೆ ಮಾಡ್ಬೇಡಿ. ನಂದೇನು, ಕಣ್ಣು ಹೋದ ಟೈಲರ್ ಅಂತಾರೆ. ಅನ್ಲಿ.”

ನಾನು ಒಪ್ಪಿದೆ. ಅದು ಅವರ ಔದಾರ್ಯಕ್ಕೆ ತೋರಿಸಿದ ಗೌರವವೆಂದು ಆಗ ನಂಬಿದ್ದೆ. ಇಡೀ ಮಳೆಗಾಲ ವಾರಕ್ಕೊಮ್ಮೆ ಆ ಮೆಟ್ಟಿಲು ಹತ್ತಿದೆ. ಇಬ್ಬರೂ ಕಾಫಿ ಕುಡಿಯುತ್ತಿದ್ದೆವು. ಅವರು ಗುಂಡಿ ಹಾಕುತ್ತಿದ್ದರು. ನಮ್ಮ ಬೀದಿಯ ಒಂದು ರವಿಕೆಯೂ ಅಲ್ಲಿಗೆ ಬಂದದ್ದನ್ನು ನಾನು ನೋಡಲಿಲ್ಲ.

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವರು ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟರಂತೆ. ಕೆಳಗಿನ ಗೊಬ್ಬರದಂಗಡಿಯವರು ಪೆಡಲಿನ ಸದ್ದು ನಿಂತದ್ದು ಗಮನಿಸಿ ಮೇಲೆ ಹೋಗುವಷ್ಟರಲ್ಲಿ ಮುಗಿದಿತ್ತು. ಸಂಜೆ ಖಬರಸ್ಥಾನಕ್ಕೆ ಹೋಗಿ ಗೋಡೆಯ ಪಕ್ಕ ನಿಂತೆ. ಬಿಳಿಯ ಬಟ್ಟೆಯಲ್ಲಿ ಸುತ್ತಿದ್ದರು. ಅದಕ್ಕೆ ಹೊಲಿಗೆ ಹಾಕುವಂತಿಲ್ಲ ಎಂದು ಪಕ್ಕದಲ್ಲಿದ್ದವರು ತಿಳಿಸಿದರು.

ಮರುದಿನದಿಂದ ಬೀದಿಯ ಆರು ಮನೆಗಳಿಗೂ ಹೋದೆ. ಸಾಹೇಬರ ಕಣ್ಣು ಸರಿಯಿತ್ತು, ಹೊಲಿಗೆಯೂ ಸರಿಯಿತ್ತು, ನಮ್ಮ ಮಾತು ತಪ್ಪು ಎಂದು ಹೇಳಿದೆ. ಕಣ್ಣಿನ ವೈದ್ಯರ ಚೀಟಿಯನ್ನು ಅವರ ಪತ್ನಿಯಿಂದ ಕೇಳಿ ತಂದಿದ್ದೆ, ಅದನ್ನೂ ತೋರಿಸಿದೆ. ಒಬ್ಬರು, “ಪಾಪ, ಒಳ್ಳೆ ಮನುಷ್ಯ,” ಎಂದರು. ಒಬ್ಬರು, “ಹೌದಾ? ನಾವೆಲ್ಲ ಆಗ್ಲೇ ಆ ಕಡೆ ರೂಢಿ ಆಗಿಬಿಟ್ವಿ ನೋಡಿ. ಕಾಫಿ ಕುಡೀತೀರಾ?” ಎಂದರು. ಸತ್ತವರ ಬಗ್ಗೆ ತಂದ ತಿದ್ದುಪಡಿ ಯಾರಿಗೂ ಉಪಯೋಗಕ್ಕಿರಲಿಲ್ಲ.

ಶನಿವಾರ ಕೊಪ್ಪದಲ್ಲಿ ಬಸ್ಸು ಬದಲಿಸಿ ನರಸಿಂಹರಾಜಪುರಕ್ಕೆ ಹೋದೆ. ಮಗಳು ಶಾಲೆಯಿಂದ ಬಂದು ಪರೀಕ್ಷೆಯ ಕಾಗದ ತಿದ್ದುತ್ತಿದ್ದಳು. ಎದುರು ಕೂತು ಎಲ್ಲವನ್ನೂ ಕ್ರಮವಾಗಿ ಹೇಳಿದೆ: ಪಿನ್ನಿನ ತೂತು, ಲಾಡಿಯ ಗುರುತು, ಅವರ ಮಾತು, ನನ್ನ ಮಾತು. ಅವಳು ಕೈಯಲ್ಲಿದ್ದ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು.

“ಯಾವ ದಿನ ಅಪ್ಪಯ್ಯ?”

ಹೇಳಿದೆ. ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತ ಅವಳು ಮನಸ್ಸಿನಲ್ಲೇ ಎಣಿಸಿದಳು. ಹಳೆಯ ವರ್ಷದ ದಿನಗಳು ಆ ಕ್ಯಾಲೆಂಡರಿನಲ್ಲಿರಲಿಲ್ಲ.

“ಐವತ್ಮೂರು ದಿನ,” ಎಂದು ನಾನೇ ಹೇಳಿದೆ.

“ನಾ ಅವರತ್ರ ಕೇಳಿದಾಗ ನೀವು ಪಕ್ಕದಲ್ಲೇ ಇದ್ರಿ.”

“ಇದ್ದೆ.”

“ಅವ್ರು ಕಣ್ಣು ಸರಿ ಇರ್ಲಿಲ್ಲ ಅಂದಾಗ ನಾ ಎಂತ ಅಂದೆ, ನೆನಪಿದ್ಯಾ ನಿಮಗೆ?”

ನನಗೆ ನೆನಪಿರಲಿಲ್ಲ. ದಿನಚರಿಯಲ್ಲೂ ಇರಲಿಲ್ಲ.

“ಹಂಗಾದ್ರೆ ಬೇರೆಯವ್ರ ಬಟ್ಟೆ ಎಂತಕ್ಕೆ ಮುಟ್ತೀರಿ ಅಂದೆ.”

ಅವಳು ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿ ಹರಿಯುವ ಸದ್ದು ಬಹಳ ಹೊತ್ತು ಕೇಳಿತು. ಪಾತ್ರೆಯ ಸದ್ದು ಕೇಳಲಿಲ್ಲ. ಹೊರಗೆ ಬಂದಾಗ ಮುಖ ತೊಳೆದಿದ್ದಳು.

“ಅವರ ಹೆಂಡ್ತಿ ಜಯಪುರದಲ್ಲೇ ಇದಾರಾ?”

“ಇದ್ದಾರೆ.”

“ನಾಳೆ ಬೆಳಿಗ್ಗೆ ಬಸ್ಸಿಗೆ ಬತ್ತೆ. ಅವರ ಮನೆಗೆ.”

ನಮ್ಮ ಮನೆಗೆ ಬರುವ ಮಾತನ್ನು ಅವಳು ಆಡಲಿಲ್ಲ. ನಾನೂ ಕೇಳಲಿಲ್ಲ. ಕೊಪ್ಪದ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಚಪ್ಪಲಿ ಹಾಕಿಕೊಂಡು ಹೊರಟೆ.